ಓದುಗರ ಪ್ರಶ್ನೆ: ಹಬ್ಬದ ಎಲೆ, ಚಕ್ಕುಲಿ ಡಬ್ಬಿ, ವರ್ಷಾಂತ್ಯದ ಪೆಗ್

ಗೌರಿ ಹಬ್ಬಕ್ಕೆ ಶುರುವಾಗುವ ಹೋಳಿಗೆಯ ಸರದಿ ದಸರಾ, ದೀಪಾವಳಿ ದಾಟಿ ಹೊಸ ವರ್ಷದ ಪಾರ್ಟಿಯವರೆಗೂ ನಡೆಯುತ್ತದೆ. ಈ ತಿಂಗಳುಗಳಲ್ಲಿ ಎಷ್ಟು ತಿನ್ನಬಹುದು, ಕುಡಿಯುವವರು ಎಲ್ಲಿ ನಿಲ್ಲಿಸಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಆಹಾರ ತಜ್ಞರು ಮತ್ತು ವೈದ್ಯರು ಇಲ್ಲಿ ಉತ್ತರಿಸಿದ್ದಾರೆ. ಮಾತ್ರೆ, ಇನ್ಸುಲಿನ್ ವಿಷಯ ಬಂದಲ್ಲೆಲ್ಲ ನಿಮ್ಮನ್ನು ನೋಡುತ್ತಿರುವ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಆರು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ದೀಪಾವಳಿಗೆ ಹೋಳಿಗೆ ತಿನ್ನಬಹುದೇ? ಬೆಲ್ಲದ್ದಾದ್ದರಿಂದ ಏನೂ ಆಗುವುದಿಲ್ಲ ಅಂತಾರೆ ನಮ್ಮತ್ತೆ. ನನಗೆ ಭಯ.
— ಓದುಗರು, ತುಮಕೂರು

ಉತ್ತರ: ತಿನ್ನಬಹುದು. ಆದರೆ ಅನ್ನದ ಜೊತೆಗಲ್ಲ, ಅನ್ನದ ಬದಲಿಗೆ.

ಮೊದಲು ಬೆಲ್ಲದ ಮಾತು ಮುಗಿಸೋಣ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಅಷ್ಟೇ ಬೆಲ್ಲದಲ್ಲಿ ಸುಮಾರು 380. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜ ಇರುವುದು ನಿಜ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಮಾತ್ರ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅತ್ತೆಯವರಿಗೆ ಬೇಸರವಾಗದ ಹಾಗೆ ಇದನ್ನು ತಿಳಿಸಿ, ಏಕೆಂದರೆ ‘ಬೆಲ್ಲ ತಾನೇ’ ಎಂದು ಮೂರನೆಯದು ಎಲೆಗೆ ಬೀಳುವುದು ಈ ನಂಬಿಕೆಯಿಂದಲೇ.

ಈಗ ಒಂದು ಹೋಳಿಗೆಯ ಲೆಕ್ಕ. 200 ಗ್ರಾಂ ಕಡಲೆಬೇಳೆ, 200 ಗ್ರಾಂ ಬೆಲ್ಲ, ಕಣಕಕ್ಕೆ 180 ಗ್ರಾಂ ಮೈದಾ ಹಾಕಿ 12 ಹೋಳಿಗೆ ಮಾಡಿದರೆ ಒಂದೊಂದರಲ್ಲೂ 17 ಗ್ರಾಂ ಬೇಳೆ, 17 ಗ್ರಾಂ ಬೆಲ್ಲ, 15 ಗ್ರಾಂ ಮೈದಾ ಇರುತ್ತದೆ. ಕಣಕ ನೆನೆಸುವ ಎಣ್ಣೆ, ಮೇಲೊಂದು ಚಮಚ ತುಪ್ಪ ಸೇರಿದರೆ ಒಂದಕ್ಕೆ ಸುಮಾರು 260 ಕ್ಯಾಲೊರಿ, ಸುಮಾರು 35 ಗ್ರಾಂ ಪಿಷ್ಟ ಮತ್ತು ಸಕ್ಕರೆ. 125 ಗ್ರಾಂ, ಅಂದರೆ ಒಂದು ಸಣ್ಣ ಬಟ್ಟಲು ಅನ್ನದಲ್ಲಿ ಇರುವುದೂ ಹತ್ತಿರಹತ್ತಿರ ಅಷ್ಟೇ. ಹಾಗಾಗಿ ಒಂದು ಹೋಳಿಗೆ ತಿಂದರೆ ಒಂದು ಬಟ್ಟಲು ಅನ್ನ ಬಿಡಬೇಕು. ಮೇಲಿಂದ ಹಾಕುವ ಸಕ್ಕರೆ, ಬೆಲ್ಲ ದಿನದ ಒಟ್ಟು ಶಕ್ತಿಯ ಶೇ 10ನ್ನು ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ಉಣ್ಣುವವರಿಗೆ ಶೇ 5 ಎಂದರೆ 25 ಗ್ರಾಂ. ಒಂದು ಹೋಳಿಗೆ, ಎರಡು ಸಿಹಿ ಕಾಫಿ ಆದರೆ ಅಂದಿನ ಪಾಲು ಮುಗಿಯಿತು. ಪಾಯಸವನ್ನು ಇನ್ನೊಂದು ಹಬ್ಬಕ್ಕೆ ಇಟ್ಟುಕೊಳ್ಳಿ.

ಹೂರಣದ ಬೆಲ್ಲವನ್ನೇ ಕಡಿಮೆ ಮಾಡಬಹುದೇ ಎಂದರೆ, ಬೇಳೆಯ ತೂಕದ ಮುಕ್ಕಾಲು ಪಾಲಿನವರೆಗೆ ಇಳಿಸಬಹುದು, ರುಚಿ ಕೆಡುವುದಿಲ್ಲ. ಅರ್ಧಕ್ಕಿಂತ ಕೆಳಗಿಳಿದರೆ ಹೂರಣಕ್ಕೆ ಅಂಟು ಸಾಲದೆ ಉದುರುತ್ತದೆ, ತಟ್ಟುವಾಗ ಕಣಕ ಹರಿಯುತ್ತದೆ, ಆಮೇಲೆ ಅದನ್ನು ಸರಿಮಾಡಲು ಎಣ್ಣೆ ಜಾಸ್ತಿ ಸುರಿಯಬೇಕಾಗುತ್ತದೆ.

ಉಣ್ಣುವ ಕ್ರಮವೂ ಕೆಲಸಕ್ಕೆ ಬರುತ್ತದೆ. ನಮ್ಮ ಎಲೆಯಲ್ಲಿ ಮೊದಲು ಬಡಿಸುವುದೇ ಕೋಸಂಬರಿ, ಪಲ್ಯ. ಅವು ಎಲೆಯ ತುದಿಯಲ್ಲಿ ಒಂದೊಂದು ಚಮಚ ಕೂರುತ್ತವೆ ಅನ್ನುವುದೇ ತೊಂದರೆ. ಹೆಸರುಬೇಳೆ ಕೋಸಂಬರಿಯನ್ನು ಒಂದು ಬಟ್ಟಲಿನಷ್ಟು ಬಡಿಸಿ, ಅದನ್ನೂ ಪಲ್ಯವನ್ನೂ ಪೂರ್ತಿ ತಿಂದ ಮೇಲೆ ಹೋಳಿಗೆಗೆ ಕೈಹಾಕಲು ಹೇಳಿ. ನಾರು, ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಊಟವಾದ ಮೇಲೆ 15 ನಿಮಿಷ ಬೀದಿಯಲ್ಲಿ ಅಡ್ಡಾಡಿ ಬಂದರೆ ಏರಿಕೆ ಇನ್ನಷ್ಟು ತಗ್ಗುತ್ತದೆ. ಊಟ ಶುರುಮಾಡಿ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ. 180 ದಾಟಿದ್ದರೆ ಅಂದು ತಿಂದದ್ದು ಅವರಿಗೆ ಹೆಚ್ಚಾಯಿತು ಎಂದರ್ಥ, ಮುಂದಿನ ಹಬ್ಬಕ್ಕೆ ಅರ್ಧ ಹೋಳಿಗೆಯಿಂದ ಶುರುಮಾಡಿ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಅಪಾಯ ಒಂದಿದೆ. ಹಬ್ಬದ ದಿನ ಸಕ್ಕರೆ ಏರುವುದಷ್ಟೇ ಅಲ್ಲ, ಕುಸಿಯುವುದೂ ಉಂಟು. ಬೆಳಿಗ್ಗೆ ಎಂಟಕ್ಕೆ ಗ್ಲಿಮೆಪಿರೈಡ್ ನುಂಗಿ, ಪೂಜೆ ಮುಗಿಯುವವರೆಗೆ ಏನೂ ತಿನ್ನಬಾರದೆಂದು ಕೂತು, ಊಟ ಮಧ್ಯಾಹ್ನ ಎರಡಕ್ಕೆ ಆದರೆ ಮಾತ್ರೆ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಆಗುತ್ತದೆ. ಬೆವರು, ಕೈನಡುಕ, ಎದೆಬಡಿತ, ವಿಪರೀತ ಹಸಿವು, ತಡವರಿಸುವ ಮಾತು ಇದರ ಗುರುತು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಆಗ ಹೋಳಿಗೆ ಕೊಟ್ಟರೆ ಪ್ರಯೋಜನವಿಲ್ಲ, ಬೇಳೆ ಮತ್ತು ತುಪ್ಪದ ದೆಸೆಯಿಂದ ಅದರ ಸಕ್ಕರೆ ತಡವಾಗಿ ಇಳಿಯುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಹಬ್ಬದ ಹಿಂದಿನ ವಾರವೇ ವೈದ್ಯರ ಹತ್ತಿರ ‘ಅಂದು ಊಟ ಎರಡು ಗಂಟೆಗೆ, ಮಾತ್ರೆ ಯಾವಾಗ’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಜಾಸ್ತಿ ತಿಂದೆ ಎಂದು ರಾತ್ರಿ ಮಾತ್ರೆ ಎರಡು ನುಂಗುವುದು ಬೇಡವೇ ಬೇಡ.

ಪ್ರಶ್ನೆ: ಅಂಗಡಿಯಲ್ಲಿ ‘ಶುಗರ್ ಫ್ರೀ’ ಬರ್ಫಿ, ಲಾಡು ಸಿಗುತ್ತವೆ. ಅವನ್ನು ಲೆಕ್ಕವಿಡದೆ ತಿನ್ನಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಸಕ್ಕರೆ ಇಲ್ಲದಿದ್ದರೂ ಖೋವಾ, ತುಪ್ಪ, ಗೋಡಂಬಿ, ಕಡಲೆಹಿಟ್ಟು ಅಷ್ಟೇ ಇರುತ್ತವೆ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿಯಾದರೆ ಒಂದು ಗ್ರಾಂ ತುಪ್ಪಕ್ಕೆ 9. ಕೆಲವು ತಿನಿಸುಗಳಿಗೆ ಸಕ್ಕರೆಯ ಬದಲು ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಸಿಹಿಕಾರಕ ಹಾಕಿರುತ್ತಾರೆ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಸ್ವಲ್ಪಮಟ್ಟಿಗೆ ಏರಿಸುತ್ತದೆ, ಹೆಚ್ಚು ತಿಂದರೆ ಎರಡೂ ಹೊಟ್ಟೆ ಉಬ್ಬರಿಸಿ ಭೇದಿ ತರುತ್ತವೆ. ಖರ್ಜೂರ, ಅಂಜೂರದಿಂದ ಮಾಡಿದ್ದಕ್ಕೂ ‘ಸಕ್ಕರೆ ಹಾಕಿಲ್ಲ’ ಎಂಬ ಚೀಟಿ ಅಂಟಿಸುತ್ತಾರೆ, ಖರ್ಜೂರದ ಮುಕ್ಕಾಲು ಪಾಲಿನಷ್ಟು ಸಕ್ಕರೆಯೇ. ಒಂದು ತುಂಡು ತಿನ್ನಿ, ಮಾಮೂಲಿ ಬರ್ಫಿ ಎಂದೇ ಲೆಕ್ಕ ಹಿಡಿಯಿರಿ. ಬಿಡಿ ಸಿಹಿತಿಂಡಿಗಳ ತಟ್ಟೆಯ ಮುಂದೆ ಯಾವ ದಿನಾಂಕದೊಳಗೆ ತಿನ್ನಬೇಕೆಂದು ಬರೆದಿಡುವುದನ್ನು 2020ರ ಅಕ್ಟೋಬರ್‌ನಲ್ಲಿ ಅಂಗಡಿಯವರಿಗೆ ಕಡ್ಡಾಯ ಮಾಡಲಾಗಿತ್ತು. ಹಾಲಿನ ಸಿಹಿ ಕೊಳ್ಳುವಾಗ ಅದನ್ನು ನೋಡಿಯೇ ಕೊಳ್ಳಿ.

ಪ್ರಶ್ನೆ: ಪ್ರತಿ ವರ್ಷ ನಮ್ಮ ಚಕ್ಕುಲಿ ಎಣ್ಣೆ ಕುಡಿಯುತ್ತದೆ. ಕಾಗದದ ಮೇಲೆ ಹಾಕಿದರೂ ಜಿಡ್ಡು ಹೋಗುವುದಿಲ್ಲ. ಕಡಿಮೆ ಎಣ್ಣೆ ಹಿಡಿಯುವಂತೆ ಮಾಡಲು ಉಪಾಯವೇನು? ಕರಿದು ಉಳಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು?
— ಓದುಗರು, ಶಿವಮೊಗ್ಗ

ಉತ್ತರ: ಹಿಟ್ಟಿನಿಂದ ಶುರುಮಾಡೋಣ. 4 ಲೋಟ ಅಕ್ಕಿಹಿಟ್ಟಿಗೆ 1 ಲೋಟ ಹುರಿದ ಉದ್ದಿನ ಹಿಟ್ಟು, 60 ಗ್ರಾಂ ಬೆಣ್ಣೆ ಸಾಕು. ಬೆಣ್ಣೆ ಜಾಸ್ತಿಯಾದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಂಡು, ಬಿರುಕುಗಳ ತುಂಬ ಎಣ್ಣೆ ಎಳೆದುಕೊಳ್ಳುತ್ತದೆ. ಬೆಣ್ಣೆ ಕಡಿಮೆಯಾದರೆ ಕಲ್ಲಾಗುತ್ತದೆ. ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಿ, ಒತ್ತಿದರೆ ಅಂಚು ಬಿರಿಯಬಾರದು, ಕೈಗೂ ಅಂಟಬಾರದು. ಸಡಿಲ ಹಿಟ್ಟಿನಲ್ಲಿ ನೀರು ಹೆಚ್ಚು. ಬೇಯುವಾಗ ಆ ನೀರು ಆವಿಯಾಗಿ ಹೊರಬಂದ ಜಾಗವೆಲ್ಲ ಸಣ್ಣ ಸಣ್ಣ ತೂತಾಗಿ, ಅಲ್ಲಿಗೆ ಎಣ್ಣೆ ಸೇರುತ್ತದೆ. ಕಲಸಿದ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಮುಚ್ಚಿಡಿ, ಒಣಗಿದರೆ ಮತ್ತೆ ನೀರು ಚಿಮುಕಿಸಬೇಕಾಗಿ ಬಂದು ಹದ ತಪ್ಪುತ್ತದೆ.

ಎಣ್ಣೆಯ ಕಾವು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದವರು ಕಡಲೆಕಾಳಿನಷ್ಟು ಹಿಟ್ಟು ಹಾಕಿ ನೋಡಬಹುದು. ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿಗೆ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಕಾವು ಸಾಲದು, ಹಾಕಿದ ಕೂಡಲೇ ಕೆಂಪಾದರೆ ಹೆಚ್ಚಾಯಿತು. ಒಂದು ಲೀಟರ್ ಎಣ್ಣೆಗೆ ಮೂರು ನಾಲ್ಕು ಚಕ್ಕುಲಿಗಿಂತ ಹೆಚ್ಚು ಬಿಡಬೇಡಿ. ಬೇಗ ಮುಗಿಸುವ ಅವಸರಕ್ಕೆ ಎಂಟು ಬಿಟ್ಟರೆ ಕಾವು ಒಮ್ಮೆಲೆ ಇಳಿದು, ಹೊರಪದರ ಗಟ್ಟಿಯಾಗುವುದು ತಡವಾಗುತ್ತದೆ. ಜಿಡ್ಡಿಗೆ ದೊಡ್ಡ ಕಾರಣ ಇದೇ. ಗುಳ್ಳೆಯೂ ಸದ್ದೂ ಅಡಗಿದಾಗ ತೆಗೆಯಿರಿ.

ಬಹಳ ಮಂದಿ ಗಮನಿಸದ ಸಂಗತಿ ಇದು: ಎಣ್ಣೆಯ ಹೆಚ್ಚು ಪಾಲು ಒಳಗೆ ಹೋಗುವುದು ಕರಿಯುವಾಗ ಅಲ್ಲ, ತೆಗೆದ ಮೇಲೆ. ಬಾಣಲೆಯಲ್ಲಿರುವಾಗ ಆವಿ ಒಳಗಿನಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ತೆಗೆದು ಆರತೊಡಗಿದ ಕೂಡಲೇ ಒಳಗಿನ ಆವಿ ತಣಿದು ಸೆಳೆತ ಉಂಟಾಗಿ, ಮೈಗೆ ಹತ್ತಿದ ಎಣ್ಣೆ ಒಳಕ್ಕೆ ಹೋಗುತ್ತದೆ. ಹಾಗಾಗಿ ಜಾಲರಿ ಸೌಟನ್ನು ಬಿಸಿ ಎಣ್ಣೆಯ ಮೇಲೆಯೇ ಅರ್ಧ ನಿಮಿಷ ಹಿಡಿದು ಸೋರಿಸಿ, ಬಿಸಿ ಇರುವಾಗಲೇ ಚಕ್ಕುಲಿಗಳನ್ನು ಕಾಗದದ ಮೇಲೆ ಅಡ್ಡ ಮಲಗಿಸದೆ ನಿಲ್ಲಿಸಿಡಿ. ಒಂದರ ಮೇಲೊಂದು ರಾಶಿ ಹಾಕಿದರೆ ಮೇಲಿನದರ ಎಣ್ಣೆ ಕೆಳಗಿನದಕ್ಕೆ ಇಳಿಯುತ್ತದೆ. ಕಾಗದ ಅಚ್ಚಾಗಿಲ್ಲದ ಬಿಳಿಯದಿರಲಿ, ಪತ್ರಿಕೆಯ ಮಸಿ ತಿಂಡಿಗೆ ಹತ್ತುತ್ತದೆ.

ನಿಮ್ಮ ಚಕ್ಕುಲಿ ಎಷ್ಟು ಎಣ್ಣೆ ಕುಡಿಯಿತೆಂದು ಮನೆಯಲ್ಲೇ ಅಳೆಯಬಹುದು. ಕರಿಯುವ ಮೊದಲು ಬಾಣಲೆಗೆ ಸುರಿದದ್ದು 1 ಲೀಟರ್, ಆರಿದ ಮೇಲೆ ಉಳಿದದ್ದು 700 ಮಿಲಿಲೀಟರ್, ಚಕ್ಕುಲಿ 60 ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ 5 ಮಿಲಿಲೀಟರ್, ಒಂದು ಚಮಚ. ಹಿಟ್ಟು, ಬೆಣ್ಣೆ ಸೇರಿ ಒಂದು ಚಕ್ಕುಲಿಗೆ ಸುಮಾರು 85 ಕ್ಯಾಲೊರಿ. ನಾಲ್ಕು ಚಕ್ಕುಲಿ ಎಂದರೆ 340, ಒಂದು ಹೋಳಿಗೆಗಿಂತ ಹೆಚ್ಚು. ಹೋಳಿಗೆ ಎಲೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುತ್ತದೆ, ಎಣಿಸಿ ತಿನ್ನುತ್ತೇವೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಡಬ್ಬಿಯಾದರೋ ಹಬ್ಬ ಮುಗಿದ ಮೇಲೂ ಎರಡು ಮೂರು ವಾರ ಅಡುಗೆಮನೆಯಲ್ಲಿರುತ್ತದೆ, ಸಂಜೆ ಕಾಫಿಗೆ, ಟಿ.ವಿ. ಮುಂದೆ, ಬಂದವರ ಜೊತೆಗೆ ಕೈ ಹೋಗುತ್ತಲೇ ಇರುತ್ತದೆ. ದೀಪಾವಳಿ ಆದ ತಿಂಗಳಿಗೆ ತೂಕ ಏರಿತು ಎಂದು ಬರುವವರಲ್ಲಿ ಮುಕ್ಕಾಲು ಮಂದಿಯ ತೊಂದರೆ ಹಬ್ಬದ ದಿನದ ಊಟದ್ದಲ್ಲ, ಈ ಡಬ್ಬಿಯದು ಎಂಬುದು ನಮ್ಮ ಅಭಿಪ್ರಾಯ. ದೊಡ್ಡ ಡಬ್ಬಿಯನ್ನು ಕೈಗೆಟುಕದ ಅಟ್ಟಣೆಗೆ ಏರಿಸಿ, ದಿನಕ್ಕೆ ತಲೆಗೆರಡರಂತೆ ಸಣ್ಣ ಡಬ್ಬಿಗೆ ಹಾಕಿಡಿ. ಸಾಧ್ಯವಿದ್ದರೆ ಅಳತೆಯನ್ನೇ ಅರ್ಧ ಮಾಡಿ, ಕರಿದ ತಿಂಡಿ ಮೂರು ಬಗೆಯ ಬದಲು ಒಂದೇ ಬಗೆ ಮಾಡಿ.

ಉಳಿದ ಎಣ್ಣೆಯನ್ನು ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಸೀದ ಹಿಟ್ಟಿನ ಚೂರು ತೆಗೆದು, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು ಒಂದು ವಾರದೊಳಗೆ ಒಗ್ಗರಣೆಗೆ, ಪಲ್ಯಕ್ಕೆ ಬಳಸಿ ಮುಗಿಸಿ. ಮತ್ತೆ ಕರಿಯಲು ಬೇಡ, ಹಳೆಯ ಎಣ್ಣೆಗೆ ಹೊಸದು ಬೆರೆಸುವುದಂತೂ ಬೇಡ, ಕೆಟ್ಟ ಎಣ್ಣೆ ಹೊಸದನ್ನೂ ಬೇಗ ಕೆಡಿಸುತ್ತದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳೆಂಬ ಹಾನಿಕಾರಕ ಪದಾರ್ಥಗಳು ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಹೋಟೆಲು, ಬೇಕರಿಗಳು ಬಳಸಕೂಡದೆಂಬ ನಿಯಮ 2018ರ ಜುಲೈನಿಂದ ದೇಶದಲ್ಲಿದೆ. ಮನೆಯಲ್ಲಿ ಅಳೆಯುವ ಉಪಕರಣ ಇರುವುದಿಲ್ಲ, ಗುರುತು ಹಿಡಿಯಬಹುದು: ಬಣ್ಣ ಕಪ್ಪಾಗಿದೆ, ಕೈಗೆ ಅಂಟಂಟು, ಕಾಯಿಸಿದರೆ ನೊರೆ ಏಳುತ್ತದೆ, ಬೇಗ ಹೊಗೆಯಾಡುತ್ತದೆ. ಇವುಗಳಲ್ಲಿ ಒಂದು ಕಂಡರೂ ಆ ಎಣ್ಣೆ ಚೆಲ್ಲಿ. ಸಿಂಕಿಗೆ ಸುರಿಯದೆ ಬಾಟಲಿಗೆ ತುಂಬಿ ಕಸಕ್ಕೆ ಕೊಡಿ.

ಪ್ರಶ್ನೆ: ನೆಂಟರ ಮನೆಯಲ್ಲಿ ಬೇಡ ಅಂದರೂ ಬಡಿಸುತ್ತಾರೆ. ಎಲೆಯಲ್ಲಿ ಬಿಟ್ಟರೆ ಅವಮಾನ, ತಿಂದರೆ ಹೊಟ್ಟೆ ಭಾರ. ಏನು ಮಾಡಲಿ?
— ಓದುಗರು, ಮಂಡ್ಯ

ಉತ್ತರ: ‘ಬೇಡ’ ಎಂಬ ಮಾತು ಪಂಕ್ತಿಯಲ್ಲಿ ಸಂಕೋಚ ಎಂದೇ ಕೇಳಿಸುತ್ತದೆ. ಅದಕ್ಕೇ ಬಡಿಸುವವರು ನಿಲ್ಲುವುದಿಲ್ಲ. ಮೊದಲ ಸುತ್ತಿಗೇ ‘ಅರ್ಧ ಹಾಕಿ’ ಎನ್ನಿ. ಎರಡನೇ ಸಲ ಬಂದಾಗ ಉಳಿದರ್ಧ ಹಾಕಿಸಿಕೊಳ್ಳಿ. ನಿಮಗೆ ಬಿದ್ದದ್ದು ಒಂದೇ ಹೋಳಿಗೆ, ಬಡಿಸಿದವರಿಗೆ ಎರಡು ಸಲ ಬಡಿಸಿದ ತೃಪ್ತಿ. ಹೋಳಿಗೆ ಬರುವ ಹೊತ್ತಿಗೆ ಎಲೆಯಲ್ಲಿ ಕೋಸಂಬರಿಯೋ ಪಲ್ಯವೋ ಇನ್ನೂ ಉಳಿದಿರಲಿ. ಖಾಲಿ ಎಲೆ ಕಂಡರೆ ಬಡಿಸುವ ಕೈ ತಡೆಯುವುದಿಲ್ಲ. ಒಂದೇ ದಿನ ಮೂರು ಮನೆಗೆ ಹೋಗಬೇಕಾಗಿದ್ದರೆ ಒಂದು ಮನೆಯಲ್ಲಿ ಊಟ ಮಾಡಿ, ಉಳಿದ ಎರಡರಲ್ಲಿ ಮಜ್ಜಿಗೆ ಕುಡಿದು ‘ಕಟ್ಟಿಕೊಡಿ, ಮನೆಯಲ್ಲಿ ಎಲ್ಲರೂ ತಿಂತೀವಿ’ ಎಂದರೆ ಯಾರಿಗೂ ನೋವಾಗುವುದಿಲ್ಲ.

ಬಡಿಸುವವರಿಗೂ ಒಂದು ಮಾತು. ಹೂರಣದ ಉಂಡೆಯನ್ನು ದೊಡ್ಡ ನಿಂಬೆಹಣ್ಣಿನಷ್ಟು ಕಟ್ಟುವ ಬದಲು 25 ಗ್ರಾಮಿನದು ಕಟ್ಟಿದರೆ ಹೋಳಿಗೆ ಅಂಗೈಯಗಲ ಆಗುತ್ತದೆ, ಎರಡು ತಿಂದರೂ ಹೊರೆಯಾಗದು. ಗೊಂಬೆ ಹಬ್ಬಕ್ಕೆ ಬರುವವರಿಗೆ ಒಂಬತ್ತು ದಿನವೂ ಸಿಹಿಯೇ ಆಗಬೇಕಿಲ್ಲ, ಕಡಲೆಕಾಳಿನ ಉಸಲಿ ಕೊಟ್ಟರೂ ಅದು ಹಬ್ಬದ ತಿಂಡಿಯೇ. ಮನೆಗೆ ಬಂದವರು ಶುಗರ್ ಇದೆ ಎಂದಾಗ ‘ಒಂದು ದಿನ ತಿಂದರೆ ಏನಾಗಲ್ಲ’ ಎನ್ನಬೇಡಿ. ಈ ನಾಲ್ಕು ತಿಂಗಳಲ್ಲಿ ಅವರು ಹೋಗುವ ಪ್ರತಿ ಮನೆಯಲ್ಲೂ ಆ ಒಂದು ದಿನ ಬಂದಿರುತ್ತದೆ.

ಪ್ರಶ್ನೆ: ಅಪ್ಪನಿಗೆ ಬಿ.ಪಿ. ಇದೆ, ಸಿಹಿ ಮುಟ್ಟುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದೆ ಹಬ್ಬದೂಟ ಇಳಿಯುವುದಿಲ್ಲ. ಪರವಾಗಿಲ್ಲವೇ?
— ಓದುಗರು, ವಿಜಯಪುರ

ಉತ್ತರ: ದಿನಕ್ಕೆ ಉಪ್ಪು 5 ಗ್ರಾಮಿನೊಳಗಿರಬೇಕು, ಅಂದರೆ ಸುಮಾರು ಒಂದು ಚಮಚ. ಸಾರು, ಹುಳಿ, ಪಲ್ಯದಲ್ಲೇ ಅದು ಹೆಚ್ಚುಕಡಿಮೆ ಮುಗಿದಿರುತ್ತದೆ. ಮನೆಯ ಉಪ್ಪಿನಕಾಯಿಯಲ್ಲಿ ತೂಕದ ಏಳನೇ ಒಂದು ಪಾಲಿನಷ್ಟು ಉಪ್ಪು ಇರುವುದು ಸಾಮಾನ್ಯ, ಒಂದು ಚಮಚಕ್ಕೆ ಸುಮಾರು ಒಂದು ಗ್ರಾಂ. ಹಪ್ಪಳ, ಚಕ್ಕುಲಿ, ಪುಳಿಯೋಗರೆ ಗೊಜ್ಜು ಬೇರೆ. ಅಂದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೂರರಲ್ಲಿ ಒಂದನ್ನೇ ಆರಿಸಲಿ, ಕೋಸಂಬರಿಗೆ ಉಪ್ಪಿನ ಬದಲು ನಿಂಬೆಹುಳಿ ಹಿಂಡಿ, ಮಜ್ಜಿಗೆಗೆ ಉಪ್ಪು ಬೇಡ. ಬಿ.ಪಿ. ಮಾತ್ರೆ ಹಬ್ಬದ ಗಡಿಬಿಡಿಯಲ್ಲಿ ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ನಾನು ದಿನಾ ಕುಡಿಯುವವನಲ್ಲ. ಡಿಸೆಂಬರ್ ಕೊನೆಗೆ ಗೆಳೆಯರ ಜೊತೆ ಎರಡು ಮೂರು ಪಾರ್ಟಿ ಇರುತ್ತವೆ. ಬಿಯರ್ ಆದರೆ ತೊಂದರೆ ಇಲ್ಲ ಅಂತಾರೆ. ಎಷ್ಟು ಕುಡಿದರೆ ಮಿತ?
— ಓದುಗರು, ಬಳ್ಳಾರಿ

ಉತ್ತರ: ಎಷ್ಟೇ ಸ್ವಲ್ಪ ಕುಡಿದರೂ ಅದು ಪೂರ್ತಿ ನಿರಪಾಯ ಎನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದೇ ಇರುವವರು ಪಾರ್ಟಿಗೋಸ್ಕರ ಶುರುಮಾಡಬೇಡಿ. ಕುಡಿಯುವವರಿಗೆ ಲೆಕ್ಕ ಹೀಗಿದೆ.

ನೋಡಬೇಕಾದದ್ದು ಲೋಟದ ಗಾತ್ರವನ್ನಲ್ಲ, ಒಳಗಿನ ಆಲ್ಕೋಹಾಲ್ ಎಷ್ಟು ಗ್ರಾಂ ಎಂಬುದನ್ನು. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಸಾಮಾನ್ಯವಾಗಿ ಶೇ 42.8. ಅದರ 30 ಮಿ.ಲೀ.ಯಲ್ಲಿ ಸುಮಾರು 10 ಗ್ರಾಂ, 60ರ ಪೆಗ್ಗಿನಲ್ಲಿ 20, ನೈಂಟಿಯಲ್ಲಿ 30, 180 ಮಿ.ಲೀ. ಕ್ವಾರ್ಟರಿನಲ್ಲಿ 61 ಗ್ರಾಂ ಆಲ್ಕೋಹಾಲ್ ಇರುತ್ತದೆ. 650 ಮಿ.ಲೀ. ಬಿಯರ್ ಬಾಟಲಿ ಶೇ 5ರದ್ದಾದರೆ 26 ಗ್ರಾಂ, ಶೇ 8ರ ಸ್ಟ್ರಾಂಗ್ ಆದರೆ 41 ಗ್ರಾಂ. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಎರಡು ದೊಡ್ಡ ಪೆಗ್ಗಿಗೆ ಸಮ. ‘ಬಿಯರ್ ತಾನೇ’ ಎನ್ನುವವರು ಬಾಟಲಿಯ ಚೀಟಿ ಓದಿಲ್ಲ.

ಯಕೃತ್ತು ಗಂಟೆಗೆ 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಕಾಫಿ, ನಿಂಬೆರಸ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ 12ಕ್ಕೆ ಕ್ವಾರ್ಟರ್ ಮುಗಿಸಿದವರ ರಕ್ತ ತಿಳಿಯಾಗಲು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬೇಕು, ಬೇಗನೆದ್ದು ಗಾಡಿ ಹತ್ತುವವರು ಇದನ್ನು ನೆನಪಿಡಬೇಕು. ಮೋಟಾರು ವಾಹನ ಕಾಯಿದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ 60 ಮಿ.ಲೀ. ಬೇಗ ಕುಡಿದರೆ 50ರ ಹತ್ತಿರ ಹೋಗುತ್ತದೆ. ಒಂದೇ ದೊಡ್ಡ ಪೆಗ್ಗಿಗೆ ಮಿತಿ ದಾಟಿತು. ಮೊದಲ ಸಲ ಸಿಕ್ಕಿಬಿದ್ದರೂ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ದಂಡಕ್ಕಿಂತ ರಸ್ತೆಯಲ್ಲಿ ಎದುರಿಗೆ ಬರುವವರ ಜೀವ ದೊಡ್ಡದು. ಗಾಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಹೋಗುವ ಮೊದಲು ಊಟ ಮಾಡಿ, ಅನ್ನ-ಸಾಂಬಾರೋ ಚಪಾತಿ-ಪಲ್ಯವೋ ಆಗಬಹುದು. ಖಾಲಿ ಹೊಟ್ಟೆಯಲ್ಲಿ ಆಲ್ಕೋಹಾಲ್ ಬೇಗ ರಕ್ತಕ್ಕೆ ಸೇರುತ್ತದೆ. ಸುರಿಯುವಾಗ ಅಳತೆಯ ಬಟ್ಟಲು ಬಳಸಿ, ಕಣ್ಣಳತೆಯ ಪೆಗ್ ಎರಡನೆಯದಕ್ಕೇ ದೊಡ್ಡದಾಗಿರುತ್ತದೆ. 60 ಮಿ.ಲೀ.ಯನ್ನು ಎರಡು 30 ಆಗಿ, ಒಂದಕ್ಕೂ ಇನ್ನೊಂದಕ್ಕೂ ಒಂದು ಗಂಟೆ ಬಿಟ್ಟು, ನಡುವೆ ಒಂದು ಲೋಟ ನೀರು ಕುಡಿದು, ಅಲ್ಲಿಗೆ ನಿಲ್ಲಿಸಿ. ಗ್ಲಾಸ್ ಪೂರ್ತಿ ಖಾಲಿಯಾಗುವ ಮೊದಲು ಯಾರಿಗೂ ತುಂಬಿಸಲು ಬಿಡಬೇಡಿ, ಲೆಕ್ಕ ತಪ್ಪುವುದೇ ಅಲ್ಲಿ. ಸೋಡಾ, ಕೋಲಾ ಬೆರೆಸಿದರೆ ಅಮಲು ಕಡಿಮೆಯಾಗುವುದಿಲ್ಲ. ಉಪ್ಪುಕಾರದ ಕಡಲೆಬೀಜ, ಚಿಪ್ಸ್ ಬಾಯಾರಿಕೆ ಹೆಚ್ಚಿಸುತ್ತವೆ. ಬದಲಿಗೆ ಸೌತೆ, ಬೇಯಿಸಿದ ಮೊಟ್ಟೆ, ಕಾಳು ಇರಲಿ.

ವಾರವೆಲ್ಲ ಕುಡಿಯದೆ ಒಂದೇ ರಾತ್ರಿ ಒಂದಿಡೀ ಬಾಟಲಿ ಮುಗಿಸುವುದು ಮಿತವಲ್ಲ. ಹೃದಯ ಕಾಯಿಲೆಯೇ ಇಲ್ಲದವರಲ್ಲೂ ಹಾಗೆ ಕುಡಿದ ಮೇಲೆ ಎದೆಬಡಿತ ತಾಳ ತಪ್ಪುವುದನ್ನು 1978ರಲ್ಲಿ ಅಮೆರಿಕದ ವೈದ್ಯರು ಗುರುತಿಸಿ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ರಜೆ, ಹಬ್ಬಗಳ ಮರುದಿನ ಆಸ್ಪತ್ರೆಗೆ ಬರುವವರಲ್ಲಿ ಅದು ಈಗಲೂ ಕಾಣುತ್ತದೆ.

ಗರ್ಭಿಣಿಯರು, ಯಕೃತ್ತಿನ ಕಾಯಿಲೆ ಇರುವವರು, ಮೂರ್ಛೆರೋಗಕ್ಕೆ, ನಿದ್ರೆಗೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು, ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯ ಕೋರ್ಸ್ ನಡೆಯುತ್ತಿರುವವರು, ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಬಳಸುವವರು ಮುಟ್ಟಲೇಬಾರದು. ಸಕ್ಕರೆ ಇಳಿಸುವ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಕುಡಿದು ಎಷ್ಟೋ ಗಂಟೆಯ ನಂತರ, ನಿದ್ದೆಯಲ್ಲಿ ಸಕ್ಕರೆ ಕುಸಿಯಬಹುದು. ಆಲ್ಕೋಹಾಲ್ ಕರಗಿಸುತ್ತಿರುವ ಯಕೃತ್ತು ಗ್ಲುಕೋಸ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ನೋಡುವವರು ಅಮಲು ಎಂದುಕೊಂಡು ಮಲಗಲು ಬಿಡುತ್ತಾರೆ.

ಪ್ರಶ್ನೆ: ನಮ್ಮ ಮನೆಯವರು ಹತ್ತು ವರ್ಷದಿಂದ ದಿನಾ ಒಂದು ಕ್ವಾರ್ಟರ್ ಕುಡಿಯುತ್ತಾರೆ. ಹೋದ ವರ್ಷ ಅಯ್ಯಪ್ಪ ಮಾಲೆ ಹಾಕಿ ಅವತ್ತಿನಿಂದಲೇ ಬಿಟ್ಟರು. ಮಾರನೇ ದಿನ ಕೈ ನಡುಗಿತು, ಮೂರನೇ ದಿನ ಏನೇನೋ ಮಾತಾಡಿದರು. ಉಪವಾಸದ ನಿಶ್ಶಕ್ತಿ ಅಂದರು. ಈ ಸಲವೂ ಮಾಲೆ ಹಾಕುತ್ತಾರಂತೆ.
— ಓದುಗರು, ದಾವಣಗೆರೆ

ಉತ್ತರ: ಅದು ನಿಶ್ಶಕ್ತಿಯಲ್ಲ. ದಿನವೂ ಕುಡಿದು ಒಗ್ಗಿದ ದೇಹಕ್ಕೆ ಒಮ್ಮೆಲೆ ಮದ್ಯ ನಿಂತಾಗ ಆಗುವ ತೊಂದರೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಬರಬಹುದು. ಅವರ ನಿರ್ಧಾರ ಒಳ್ಳೆಯದು. ಬಿಡುವ ರೀತಿ ಮಾತ್ರ ಬದಲಾಗಬೇಕು.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಅದಕ್ಕೆ ಎದುರಾಗಿ ತನ್ನ ಚುರುಕನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ನಿಂತ ದಿನ ಆ ಚುರುಕಿಗೆ ಲಗಾಮಿಲ್ಲ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು, ಎದೆಬಡಿತ, ವಾಂತಿ ಶುರುವಾಗುತ್ತವೆ, ನಿದ್ದೆ ಬರುವುದಿಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ವರ, ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಾಣುವುದು, ಕೇಳುವುದು ಆಗುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಹೋದ ವರ್ಷ ಮೂರನೇ ದಿನ ನೀವು ಕಂಡದ್ದು ಅದರ ಲಕ್ಷಣವನ್ನೇ ಹೋಲುತ್ತದೆ. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಆಗುವ ಸಂಭವ ಹೆಚ್ಚು. ವ್ರತದ ಒಪ್ಪೊತ್ತಿನ ಊಟ, ನಿದ್ದೆಗೆಡುವುದು, ನಸುಕಿನ ತಣ್ಣೀರು ಸ್ನಾನ ಸೇರಿದರೆ ದೇಹ ಇನ್ನಷ್ಟು ಬಳಲುತ್ತದೆ.

ಮಂಡಲ ಕಾಲ ನವೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ಅದಕ್ಕೆ ಎರಡು ವಾರ ಮೊದಲೇ ಅವರನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಹೋದ ಸಲ ಯಾವ ದಿನ ಏನಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್, ಲೊರಾಜೆಪಾಮ್ ಇವುಗಳಲ್ಲಿ ಒಂದನ್ನು ವೈದ್ಯರು ಮೊದಲು ಹೆಚ್ಚಾಗಿ ಕೊಟ್ಟು, ಒಂದು ವಾರದ ಸುಮಾರಿಗೆ ಇಳಿಸುತ್ತಾ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ಈ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಿಂದ ನೀವೇ ತಂದು ಕೊಡುವಂತಿಲ್ಲ, ಅದರ ಜೊತೆ ಕುಡಿದರೆ ಉಸಿರೇ ನಿಲ್ಲಬಹುದು. ಹೋದ ವರ್ಷದ ಹಿನ್ನೆಲೆ ಇರುವುದರಿಂದ ಕೆಲವು ದಿನ ಆಸ್ಪತ್ರೆಯಲ್ಲೇ ಇರಿ ಎಂದರೆ ಒಪ್ಪಿಕೊಳ್ಳಿ. ಆ ವಾರ ಕಳೆದ ಮೇಲೆ ಮಾಲೆ ಹಾಕಲಿ. ಗುರುಸ್ವಾಮಿಯವರ ಹತ್ತಿರ ಮೊದಲೇ ಮಾತಾಡಿ, ಔಷಧ ವ್ರತಕ್ಕೆ ಅಡ್ಡಿಯಲ್ಲ ಎಂದು ಅವರ ಬಾಯಿಂದ ಬಂದರೆ ನಿಮ್ಮ ಮನೆಯವರು ಒಪ್ಪುವುದು ಸುಲಭ.

ಮಾಲೆ ಹಾಕಿದ ಮೇಲೆ ನಡುಕ, ಗೊಂದಲ, ಫಿಟ್ಸ್ ಕಾಣಿಸಿದರೆ ಮಾಲೆಯೊಂದಿಗೇ ಆಸ್ಪತ್ರೆಗೆ ಹೋಗಬೇಕು, ಕಾಯುವಂತಿಲ್ಲ. ನಿಶ್ಶಕ್ತಿ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲುಕೋಸ್ ಡ್ರಿಪ್ ಹಾಕಿಸುವ ಮೊದಲು ‘ದಿನಾ ಕುಡಿಯುತ್ತಿದ್ದರು’ ಎಂದು ಹೇಳಲೇಬೇಕು. ಥಯಾಮಿನ್ ಕೊಡದೆ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು.

41 ದಿನ ಕಳೆದು ಮಾಲೆ ತೆಗೆದ ದಿನವೂ ಎಚ್ಚರ ಬೇಕು. ಅಷ್ಟು ದಿನದಲ್ಲಿ ದೇಹದ ರೂಢಿ ತಪ್ಪಿರುತ್ತದೆ, ಹಳೆಯ ಕ್ವಾರ್ಟರ್ ಈಗ ಮೊದಲಿಗಿಂತ ಜೋರಾಗಿ ಹೊಡೆಯುತ್ತದೆ. ಇಂಥವರಿಗೆ ಮಿತವಾಗಿ ಕುಡಿಯುವ ದಾರಿ ಇಲ್ಲ. ಬಿಟ್ಟದ್ದನ್ನು ಬಿಟ್ಟೇ ಇರುವಂತೆ, ಮಾಲೆ ತೆಗೆಯುವ ವಾರಕ್ಕೇ ವೈದ್ಯರ ಮುಂದಿನ ಭೇಟಿ ಗೊತ್ತುಮಾಡಿಟ್ಟುಕೊಳ್ಳಿ. ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ಮನೆಯಿಂದಲೇ ಸಲಹೆ ಕೇಳಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ಪ್ರಶ್ನೆ: ಹಬ್ಬದೂಟ ಆದ ರಾತ್ರಿ ಎದೆ ಉರಿ, ಹುಳಿತೇಗು. ಸೋಡಾ ಕುಡಿದು ಮಲಗುತ್ತೇನೆ. ಸರಿಯೇ?
— ಓದುಗರು, ಕಲಬುರಗಿ

ಉತ್ತರ: ಜಿಡ್ಡಿನ ಊಟ ಹೊಟ್ಟೆಯಿಂದ ನಿಧಾನವಾಗಿ ಖಾಲಿಯಾಗುತ್ತದೆ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲ ಅನ್ನನಾಳಕ್ಕೆ ಹಿಂದಿರುಗುತ್ತದೆ. ಅದಕ್ಕೆ ಸೋಡಾ ಸೇರಿಸಿದರೆ ಗ್ಯಾಸು ಹೊಟ್ಟೆಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ತೇಗು ಬಂದ ಸಮಾಧಾನ ಗಳಿಗೆಯದು. ನೀರಿಗೆ ಹಾಕಿದರೆ ಬುಸುಗುಡುವ ಪುಡಿಗಳಲ್ಲಿ ಸೋಡಿಯಂ ಹೆಚ್ಚು, ಬಿ.ಪಿ. ಮತ್ತು ಮೂತ್ರಪಿಂಡದ ತೊಂದರೆ ಇರುವವರು ದೂರವಿರಬೇಕು. ರಾತ್ರಿ ಊಟವನ್ನು ಏಳೂವರೆಗೆ ಮುಗಿಸಿ ಎರಡು ಮೂರು ಗಂಟೆ ಕಳೆದು ಮಲಗಿ. ತಲೆದಿಂಬಿನ ಬದಲು ಮಂಚದ ತಲೆಭಾಗದ ಕಾಲುಗಳ ಕೆಳಗೆ ಅರ್ಧ ಅಡಿ ಎತ್ತರದ ಹಲಗೆ ಇಡಿ, ಎಡಮಗ್ಗುಲಿಗೆ ಮಲಗಿ. ಮಧ್ಯಾಹ್ನ ಹೋಳಿಗೆಯೂಟ ಆಗಿದ್ದರೆ ರಾತ್ರಿಗೆ ತಿಳಿಸಾರು-ಅನ್ನ ಸಾಕು.

ಆದರೆ ಎಲ್ಲ ಎದೆಯುರಿಯೂ ಗ್ಯಾಸಲ್ಲ. ಎದೆಯ ನಡುವೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ, ತಣ್ಣಗೆ ಬೆವರಿ, ನೋವು ದವಡೆಗೋ ತೋಳಿಗೋ ಬೆನ್ನಿಗೋ ಹರಿದರೆ, ಮೆಟ್ಟಿಲು ಹತ್ತಿದಾಗ ಹೆಚ್ಚಾದರೆ, ಪುಡಿ ಕಲಸುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಶುಗರ್ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಉಬ್ಬಸ ಆಗಿ ಹೃದಯಾಘಾತ ಬರುವುದುಂಟು. ಮನೆ ತುಂಬ ನೆಂಟರಿದ್ದಾರೆ, ಹಬ್ಬದ ದಿನ ಆಸ್ಪತ್ರೆಯೇ ಎಂದು ಬೆಳಗಿನವರೆಗೆ ತಡೆದವರಿಗೆ ಹೃದಯದ ಸ್ನಾಯು ಮತ್ತೆ ಸರಿಯಾಗದಷ್ಟು ಕೆಟ್ಟಿರುತ್ತದೆ.

ಪ್ರಶ್ನೆ: ಹಬ್ಬ ಮುಗಿದ ಮೇಲೆ ಎರಡು ದಿನ ಬರೀ ನಿಂಬೆ-ಜೇನು ನೀರು ಕುಡಿದರೆ ದೇಹ ಶುದ್ಧವಾಗುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಶುದ್ಧಿಯ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ದಿನವೂ ಮಾಡುತ್ತಿವೆ, ಜೇನೂ ಸಕ್ಕರೆಯೇ. ಎರಡು ದಿನ ಹಸಿದವರು ಮೂರನೇ ದಿನ ಉಳಿದ ಲಾಡಿನ ಡಬ್ಬಿ ಖಾಲಿ ಮಾಡುತ್ತಾರೆ. ಮರುದಿನದಿಂದಲೇ ಎಂದಿನ ಹೊತ್ತಿಗೆ ಎಂದಿನ ಊಟ ಮಾಡಿ. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು, ಮಜ್ಜಿಗೆ. ಉಳಿದ ಹೋಳಿಗೆಯನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ, ದಿನಕ್ಕೆ ಅರ್ಧ. ಮಿಕ್ಕ ಚಿತ್ರಾನ್ನ, ಪುಳಿಯೋಗರೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಮತ್ತೆ ಬಿಸಿ ಮಾಡಿಯೂ ತಿನ್ನಬೇಡಿ, ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಬಿಸಿಗೆ ಹೋಗುವುದಿಲ್ಲ.